ಮುತ್ಯಾನ ಕೆರ

ಹೋಳಿ ಹುಣ್ಣಿಮೆ ಮುಗೀತು ಅಂದರೆ ನನ್ನ ಅಂಗಾಲು ತಾನಾಗಿಯೇ ಬಿಸಿಯಾಗುತ್ತದೆ. ಫ್ಯಾನ್ ಕೆಳಗೆ ಕೂತಿದ್ದರೂ ಅಷ್ಟೇ. ಹುಣ್ಣಿಮೆಯಾಗಿ ಐದನೇ ದಿನಕ್ಕೆ ನಮ್ಮ ಕಲಬುರಗಿಯಲ್ಲಿ ಶರಣಬಸಪ್ಪನ ತೇರು. ಊರೆಲ್ಲ ಬೆಂಡು ಬತ್ತಾಸು, ಮಾಲದಿ ಅಂತ ಓಡಾಡುತ್ತಿದ್ದರೆ ನನಗೆ ಮಾತ್ರ ಜೇವರ್ಗಿ ಕಡೆಯ ರಸ್ತೆ ನೆನಪಾಗುತ್ತದೆ.

ಮಗನಿಗೆ ಡೆಂಗ್ಯೂ ಆಗಿತ್ತು. ಆಸ್ಪತ್ರೆಯಲ್ಲಿ ಎಂಟು ದಿನ. ನಾಲ್ಕನೇ ರಾತ್ರಿ ಡಾಕ್ಟರು ಏನೂ ಹೇಳದೆ ಹೋದಾಗ ಹರಕೆ ಹೊತ್ತುಬಿಟ್ಟೆ. ‘ಶರಣಬಸಪ್ಪಾ, ತವರೂರಿನಿಂದ ನಿನ್ನ ಗುಡಿಯವರೆಗೆ ಬರಿಗಾಲಲ್ಲಿ ನಡೆದು ಬರ್ತೀನಿ.’ ಹುಡುಗ ಗುಣವಾದ. ಮಾತು ಕೊಟ್ಟ ಮೇಲೆ ನಡೀಲೇಬೇಕು, ಅಲ್ವಾ?

ಬೆಳಗಿನ ಜಾವ ಏನೂ ಅನ್ನಿಸಲಿಲ್ಲ. ಟಾರು ತಂಪಾಗಿತ್ತು, ಭಜನೆಯವರ ಜೊತೆ ಹಾಡುತ್ತಾ ನಡೆದೆ. ಹತ್ತು ಗಂಟೆಗೆ ರಸ್ತೆ ಕಾಯತೊಡಗಿತು. ಹನ್ನೆರಡಕ್ಕೆ ಅದು ರಸ್ತೆಯಲ್ಲ, ರೊಟ್ಟಿ ಹಂಚು. ಆಗ ಒಂದು ಗುಟ್ಟು ಕಲಿತೆ. ರಸ್ತೆ ಅಂಚಿಗೆ ಬಿಳಿ ಬಣ್ಣದ ಪಟ್ಟಿ ಇರುತ್ತದಲ್ಲ, ಅದು ಕರಿ ಟಾರಿಗಿಂತ ಕಡಿಮೆ ಸುಡುತ್ತದೆ. ಹಗ್ಗದ ಮೇಲೆ ನಡೆಯುವ ಡೊಂಬರ ಹುಡುಗಿ ಹಾಗೆ ಅದರ ಮೇಲೇ ಹೆಜ್ಜೆ ಇಟ್ಟೆ. ಪಟ್ಟಿ ಅಳಿಸಿಹೋದ ಕಡೆ ಮುಂದಿನ ಬೇವಿನ ನೆರಳಿಗೆ ಓಟ. ಮಣ್ಣಿಗೆ ಇಳಿದರೆ ಜಾಲಿ ಮುಳ್ಳು. ಬಲಗಾಲಿನ ಹೆಬ್ಬೆರಳ ಕೆಳಗೆ ಬೊಬ್ಬೆ ಎದ್ದಿತು, ಒಡೆಯಿತು. ಅದರ ಮೇಲೆ ಬಿಸಿ ಮರಳು ತಾಗಿದಾಗ ಆದದ್ದು ಉರಿ ಅಲ್ಲ. ಕಿವಿ ತನಕ ಹೋಗುವ ಒಂದು ಸದ್ದು. ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ.

ದಾರಿಯುದ್ದಕ್ಕೂ ಜನ ಕೈಹಿಡಿದು ನಿಲ್ಲಿಸಿ ಕೊಡುತ್ತಿದ್ದರು. ಮಜ್ಜಿಗೆ ಕೊಟ್ಟರು, ಕುಡಿದೆ. ಕಲ್ಲಂಗಡಿ ಕೊಟ್ಟರು, ತಿಂದೆ. ಕಾಲಿಗೆ ಕೆರ ಕೊಡಲು ಬಂದಾಗ ಮಾತ್ರ ನನಗೆ ಹರಕೆ ನೆನಪಾಯಿತು.

ಆತ ಎಪ್ಪತ್ತು ದಾಟಿದ ಮುತ್ಯಾ. ಧೋತರ, ತಲೆಗೆ ರುಮಾಲು. ನಾನು ಬೇವಿನ ಬುಡದಲ್ಲಿ ಕಾಲು ಹಿಡಿದು ಕೂತಿದ್ದೆ. ಬಂದವನೇ ತನ್ನ ಕೆರ ಬಿಚ್ಚಿ ನನ್ನ ಮುಂದೆ ಇಟ್ಟ.

‘ಮೆಟ್ಟಿಕೋ ಯವ್ವಾ.’

‘ಬ್ಯಾಡ ಮುತ್ಯಾ, ಹರಕಿ ಅದ.’

‘ಯಾರಿಗಿ?’

‘ಶರಣಬಸಪ್ಪಗ.’

ಮುತ್ಯಾ ನಕ್ಕುಬಿಟ್ಟ. ‘ಹೊಲಕ್ಕ ಬಂದ ಹಕ್ಕಿಗಿ ನೀರಿಟ್ಟಾಂವ ಆತ. ನಿನ್ನ ಕಾಲು ಸುಡಲಿ ಅಂತಾನೇನು?’

ಅರಳಗುಂಡಗಿಯ ಹೊಲದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹಕ್ಕಿ ಓಡಿಸೋ ಅಂತ ಕಳಿಸಿದರೆ ‘ತಿನ್ನಿರಿ’ ಅಂತ ಕರೆದು, ಕುಡಿಯಲು ನೀರಿಟ್ಟು ಕೂತ ಶರಣ. ಚಿಕ್ಕವಳಿದ್ದಾಗಿನಿಂದ ಕೇಳಿದ್ದೆ. ಆದರೆ ಆ ಹಕ್ಕಿಗಳ ಸಾಲಿನಲ್ಲಿ ನಾನೂ ಕೂರಬಹುದು ಅಂತ ಹೊಳೆದಿರಲಿಲ್ಲ.

‘ಮತ್ತ ನಿಮಗ?’ ಅಂದೆ.

‘ನನ್ನ ಕಾಲಿಗಿ ಬಿಸಲು ಹೊಸದೇನು?’ ಅಂತ ನಡೆದೇಬಿಟ್ಟ. ಹೆಸರು ಕೇಳುವಷ್ಟು ಹೊತ್ತೂ ನಿಲ್ಲಲಿಲ್ಲ.

ಕೆರ ನನಗೆ ದೊಡ್ಡದು. ಒಳಗೆ ಆತನ ಹೆಬ್ಬೆರಳು, ಹಿಮ್ಮಡಿ ಕೂತು ಕೂತು ಗುಣಿ ಬಿದ್ದಿತ್ತು. ಕಾಲು ಆ ಗುಣಿಯೊಳಗೆ ಇಳಿಯಿತು. ಬೆವರಿನ ತೇವ ಇನ್ನೂ ಇತ್ತು. ಆ ತಂಪು! ತೇರಿನ ದಿನ ಶರಣಬಸಪ್ಪನ ಗುಡಿಯಲ್ಲಿ ನಿಂತಾಗಲೂ ನನ್ನ ಮನಸ್ಸೆಲ್ಲ ಆ ತಂಪಿನ ಮೇಲೇ ಇತ್ತು ಅಂತ ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಉಳಿದ ದಾರಿ ಪೂರ್ತಿ ನಮ್ಮ ಆಯಿ ನೆನಪಾದಳು. ಕೆರ ಹೊಲಿಯುವ ಶರಣ ಹರಳಯ್ಯನ ಕಥೆಯನ್ನು ಆಯಿ ಹೇಳುತ್ತಿದ್ದ ರೀತಿಯೇ ಬೇರೆ. ಹರಳಯ್ಯ ‘ಶರಣು’ ಅಂದ, ಬಸವಣ್ಣ ‘ಶರಣು ಶರಣಾರ್ಥಿ’ ಅಂದರು. ‘ಆ ಒಂದು ಹೆಚ್ಚಿನ ಶರಣು ಹರಳಯ್ಯಗ ರಾತ್ರಿ ನಿದ್ದಿ ಮಾಡಗೊಡಲಿಲ್ಲ ನೋಡು’ ಅನ್ನುತ್ತಿದ್ದಳು. ಆಮೇಲಿನದು ನಿಮಗೆ ಗೊತ್ತು. ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಪಾದುಕೆ ಮಾಡಿದರು, ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆ ಮೇಲೆ ಹೊತ್ತರು. ನಾನು ಕೇಳಿದ್ದೆ, ‘ಆಯಿ, ಅವರಿಗಿ ನೋವಾಗಲಿಲ್ಲೇನು?’ ಆಯಿ ಸುಮ್ನೆ ಸ್ವಲ್ಪ ಹೊತ್ತು ಕೂತಳು. ‘ಅದನ್ನ ಯಾರೂ ಕೇಳಿಲ್ಲ, ಮಗಾ’ ಅಂದಳು.

ಬಸವಣ್ಣ ಮೆಟ್ಟಲಿಲ್ಲ. ನಾನು ಮೆಟ್ಟಿದೆ. ಮೆಟ್ಟಿಕೊಂಡೇ ಕಲಬುರಗಿ ಸೇರಿದೆ.

ತೇರಿನ ದಿನ ಕೆರ ಹೊರಗೆ ಬಿಟ್ಟು ದರ್ಶನಕ್ಕೆ ಹೋದೆ. ಗುರು ಮರುಳಾರಾಧ್ಯರೂ ಶಿಷ್ಯ ಶರಣಬಸವರೂ ಜೊತೆಯಾಗಿರುವ ಆ ಮುಖದ ಮುಂದೆ ನಿಂತರೆ ಏನೂ ಬೇಡಲು ಬಾಯಿ ಬರಲಿಲ್ಲ. ಹೊರಗೆ ಬಂದರೆ ಕೆರ ಇಟ್ಟಲ್ಲೇ ಇತ್ತು. ಜಾತ್ರೆಗಳಲ್ಲಿ ನಾನು ಕಳೆದುಕೊಂಡ ಚಪ್ಪಲಿಗೆ ಲೆಕ್ಕವಿಲ್ಲ. ಹಾಗಾಗಿ ಇದನ್ನೇ ಪವಾಡ ಅನ್ನುತ್ತೇನೆ, ನಗುವವರು ನಗಲಿ. ಸಂಜೆ ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ತೂರಿ ಬರುತ್ತಿದ್ದಾಗ ನಾನು ಕಳಸ ನೋಡಲಿಲ್ಲ. ಜನರ ಕಾಲು ನೋಡುತ್ತಿದ್ದೆ. ಬರಿಗಾಲು ನೂರಾರು ಇದ್ದವು. ಆತ ಸಿಗಲಿಲ್ಲ.

ಮರುವರ್ಷ 20 ಜೋಡಿ ಹವಾಯಿ ಚಪ್ಪಲಿ ಕೊಂಡು ಅದೇ ಬೇವಿನ ಕೆಳಗೆ ಕೂತೆ. ನಮ್ಮನೆಯವರು ಹೆಸರು ಹಾಕಿ ಬ್ಯಾನರ್ ಕಟ್ಟೋಣ ಅಂದರು. ಬೇಡ ಅಂದೆ. ಈಗ ಒಂದು ಗ್ಲಾಸು ನೀರು ಕೊಟ್ಟರೂ ಮೊದಲು ಫೋಟೋ ಬೇಕು. ಟ್ರ್ಯಾಕ್ಟರ್ ಮೇಲಿನ ಡಿಜೆ ಸದ್ದಿಗೆ ಪಕ್ಕದವರ ಭಜನೆ ಕೇಳುವುದಿಲ್ಲ, ಕುಡಿದು ಎಸೆದ ಪ್ಲಾಸ್ಟಿಕ್ ಗ್ಲಾಸು ಹಿಂದೆ ಬರುವವರ ಕಾಲ ಕೆಳಗೆ. ದಾಸೋಹದ ಶರಣನ ದಾರಿಯಲ್ಲಿ ಇದೆಲ್ಲ ನೋಡಿದರೆ ಹೊಟ್ಟೆ ಉರಿಯುತ್ತದೆ. ಇರಲಿ. ಬ್ಯಾನರ್ ಇಲ್ಲದ್ದಕ್ಕೆ ಆದ ಫಜೀತಿಯೂ ಕೇಳಿ. ಬಂದವರೆಲ್ಲ ‘ಜೋಡಿ ಎಷ್ಟಕ್ಕ?’ ಅಂತ ಕೇಳುವವರೇ. ಪುಕ್ಕಟೆ ಅಂದರೆ ಅನುಮಾನದಿಂದ ನೋಡಿ ಮುಂದೆ ಹೋಗುವರು. ಮಧ್ಯಾಹ್ನದವರೆಗೆ ಮೂರೇ ಜೋಡಿ ಹೋದವು.

ಆಮೇಲೆ ಒಬ್ಬ ಹುಡುಗಿ ಕುಂಟುತ್ತಾ ಬಂದಳು. ಬಿಳಿ ಪಟ್ಟಿಯ ಮೇಲೆ! ನನಗೆ ನಗುವೂ ಬಂತು, ಕಣ್ಣೀರೂ ಬಂತು.

‘ಹರಕಿ ಅದ, ಅಕ್ಕಾ’ ಅಂದಳು.

ಮುತ್ಯಾನ ಮಾತೇ ನನ್ನ ಬಾಯಿಂದ ಬಂತು. ‘ಹಕ್ಕಿಗಿ ನೀರಿಟ್ಟಾಂವ ಆತ...’ ಅವಳು ನನ್ನ ಮುಖ ನೋಡಿದಳು, ಚಪ್ಪಲಿ ನೋಡಿದಳು, ಮೆಟ್ಟಿಕೊಂಡಳು. ಹತ್ತು ಹೆಜ್ಜೆ ಹೋಗಿ ತಿರುಗಿ ಕೂಗಿದಳು. ‘ಅಕ್ಕಾ, ವಾಪಸ್ ಎಲ್ಲಿ ಕೊಡಬೇಕು?’ ನಾನು ಕಲಬುರಗಿ ಕಡೆ ಕೈ ತೋರಿಸಿದೆ. ಅವಳಿಗೆ ಏನು ಅರ್ಥವಾಯಿತೋ.

ಮುತ್ಯಾನ ಕೆರ ಇನ್ನೂ ನನ್ನ ಹತ್ತಿರವೇ ಇದೆ. ಜಗುಲಿ ಹತ್ತಿರ ಇಡಬೇಡ ಅಂತ ಅತ್ತೆ ಬೈದರು, ಅದಕ್ಕೆ ಅಟ್ಟದ ಮೇಲಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಎಣ್ಣೆ ಹಚ್ಚುತ್ತೇನೆ. ಮೊನ್ನೆ ನೋಡಿದರೆ ಎಡಗಾಲಿನ ಉಂಗುಟ ಕಿತ್ತಿತ್ತು. ಬಜಾರಿನಲ್ಲಿ ಚಪ್ಪಲಿ ಹೊಲಿಯುವವನಿಗೆ ಕೊಟ್ಟೆ. ಆತ ತಿರುಗಿಸಿ ತಿರುಗಿಸಿ ನೋಡಿದ.

‘ಇವು ಗಂಡಸರವು ಅದಾವಲ್ಲ. ಯಾರವು?’

‘ನಮ್ಮ ಮುತ್ಯಾನವು’ ಅಂದೆ.

ಆತ ಮತ್ತೇನೂ ಕೇಳದೆ ದಾರಕ್ಕೆ ಮೇಣ ಹಚ್ಚತೊಡಗಿದ.