ಕಬ್ಬಿಣ ಕೆಂಪಾಗುವುದಕ್ಕೂ ಮೊದಲಿನ ಬೆಳಕು

ಹಪ್ಪಳ ಸುಡುವ ತಂತಿಜಾಲರಿಯನ್ನು ಗ್ಯಾಸ್ ಒಲೆಯ ಮೇಲಿಟ್ಟು, ಡಬ್ಬಿಯಿಂದ ಹಪ್ಪಳ ತೆಗೆದುಕೊಂಡು ಬರುವಷ್ಟರಲ್ಲಿ ಅದರ ನಡುವಿನ ತಂತಿಗಳು ಕೆಂಪಗೆ ಬೆಳಗತೊಡಗಿರುತ್ತವೆ. ಎಷ್ಟೋ ವರ್ಷ ನೋಡಿಯೂ ನೋಡದಂತಿದ್ದ ಈ ದೃಶ್ಯದಲ್ಲಿ ಒಂದು ವಿಚಿತ್ರವಿದೆ ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ. ಜಾಲರಿಯನ್ನು ಕಾಯಿಸುತ್ತಿರುವ ಜ್ವಾಲೆ ಜಾಲರಿಗಿಂತ ಹೆಚ್ಚು ಬಿಸಿಯಾಗಿರಲೇಬೇಕು. ಆದರೂ ಜ್ವಾಲೆಯದು ಮಂಕಾದ ನೀಲಿ, ತಂತಿಯದು ದಟ್ಟ ಕೆಂಪು. ಬಿಸಿಯಾದದ್ದೆಲ್ಲ ಬೆಳಗುತ್ತದೆ ಎಂಬ ನಿಯಮವೊಂದೇ ಇದ್ದಿದ್ದರೆ ಇದು ತಿರುವುಮುರುವಾಗಬೇಕಿತ್ತು.

ಘನವಸ್ತುವಿನ ಒಳಗೆ ಪರಮಾಣುಗಳೂ ಎಲೆಕ್ಟ್ರಾನುಗಳೂ ಸದಾ ಅಲುಗಾಡುತ್ತಿರುತ್ತವೆ. ತಾಪವೆಂದು ನಾವು ಅಳೆಯುವುದು ಈ ಅಲುಗಾಟದ ತೀವ್ರತೆಯನ್ನೇ. ವಿದ್ಯುದಾವೇಶವುಳ್ಳ ಕಣ ಅಲುಗಾಡಿದರೆ ವಿದ್ಯುತ್ಕಾಂತೀಯ ಅಲೆಗಳು ಹೊರಡುತ್ತವೆ. ಅನಿಲದಲ್ಲಿ ಒಂದೊಂದು ಅಣುವೂ ಒಂಟಿಯಾಗಿರುವುದರಿಂದ ಅದು ತನಗೆ ಒಗ್ಗುವ ಕೆಲವೇ ಬಣ್ಣಗಳನ್ನು ಸೂಸುತ್ತದೆ, ಒಲೆಯ ನೀಲಿಯೂ ಅಂಥದ್ದೇ. ಉರಿಯುವಾಗ ಕ್ಷಣಕಾಲ ಹುಟ್ಟಿ ಅಳಿಯುವ ಕಾರ್ಬನ್ನಿನ ಮತ್ತು ಹೈಡ್ರೋಜನ್ನಿನ ತುಣುಕುಗಳು ಆ ಬಣ್ಣವನ್ನು ಕೊಡುತ್ತವೆ. ಘನವಸ್ತುವಿನಲ್ಲಾದರೋ ಕಣಗಳು ಒತ್ತೊತ್ತಾಗಿ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಯಾವ ಬಣ್ಣಕ್ಕೂ ತಡೆಯಿಲ್ಲ. ಅಲೆಗಳು ಎಲ್ಲ ಉದ್ದಗಳಲ್ಲೂ ಸಂತತವಾಗಿ ಹೊರಬೀಳುತ್ತವೆ. ಎಣ್ಣೆದೀಪದ ಹಳದಿ ಕುಡಿ ಇದಕ್ಕೆ ಒಳ್ಳೆಯ ಸಾಕ್ಷಿ. ಆ ಹಳದಿಯನ್ನು ಕೊಡುವುದು ಜ್ವಾಲೆಯೊಳಗೆ ತೇಲುವ ಮಸಿಯ ಘನಕಣಗಳು. ದೀಪದ ಮೇಲೆ ತಟ್ಟೆ ಹಿಡಿದರೆ ಅವೇ ಕಣಗಳು ತಣಿದು ಕೂತು ಕಾಡಿಗೆಯಾಗುತ್ತವೆ. ಬೆಳಕನ್ನು ಚೆನ್ನಾಗಿ ಹೀರುವ ವಸ್ತು ಕಾದಾಗ ಅಷ್ಟೇ ಚೆನ್ನಾಗಿ ಬೆಳಕನ್ನು ಬಿಡುತ್ತದೆ ಎಂದು ಜರ್ಮನಿಯ ಭೌತವಿಜ್ಞಾನಿ ಕಿರ್ಕಾಫ್ 1859ರಲ್ಲಿ ತೋರಿಸಿಕೊಟ್ಟ. ಕಣ್ಣಿಗೆ ಹಚ್ಚುವ ಕಪ್ಪು ದೀಪದ ಬೆಳಕಾಗಿದ್ದುದು ಈ ಕಾರಣಕ್ಕೆ.

ಹಾಗಾದರೆ ತಂತಿ ಬೆಳಗಲು ‘ಆರಂಭಿಸುವುದು’ ಯಾವಾಗ? ತಂತಿಯ ಕಡೆಯಿಂದ ನೋಡಿದರೆ ಆರಂಭ ಎಂಬುದೇ ಇಲ್ಲ. ಒಲೆ ಹಚ್ಚುವ ಮೊದಲೂ ಅದು ಅಲೆಗಳನ್ನು ಸೂಸುತ್ತಿತ್ತು, ಈ ಸಾಲುಗಳನ್ನು ಓದುತ್ತಿರುವವರ ಮೈಯೂ ಈಗ ಸೂಸುತ್ತಿದೆ. ಆದರೆ 37 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ವಿಕಿರಣ ಅತಿ ಪ್ರಬಲವಾಗಿರುವುದು ಸುಮಾರು 9.3 ಮೈಕ್ರೋಮೀಟರ್ ತರಂಗದೂರದಲ್ಲಿ. ನಮ್ಮ ಕಣ್ಣಿನ ಸಾಮರ್ಥ್ಯವಾದರೋ ಸುಮಾರು 0.7 ಮೈಕ್ರೋಮೀಟರಿನ ಕಡುಗೆಂಪಿಗೇ ಮುಗಿಯುತ್ತದೆ. ಅಚ್ಚರಿಯೆಂದರೆ, ಕಬ್ಬಿಣ ಕೆಂಪಾದಾಗಲೂ ಈ ಶಿಖರ ಕಣ್ಣಿನ ಎಲ್ಲೆಯೊಳಗೆ ಬಂದಿರುವುದಿಲ್ಲ. 525 ಡಿಗ್ರಿಯಲ್ಲಿ ಅದು 3.6 ಮೈಕ್ರೋಮೀಟರಿನ ಆಸುಪಾಸಿನಲ್ಲಿ, ಕಣ್ಣಿಗೆ ಕಾಣದ ಅವಗೆಂಪಿನ ಆಳದಲ್ಲೇ ಇರುತ್ತದೆ. ನಾವು ಕಾಣುವ ಕೆಂಪು ಆ ದೊಡ್ಡ ಗುಡ್ಡದ ಬುಡದಂಚು ಮಾತ್ರ.

ಆ ಬುಡದಂಚು ಎಷ್ಟು ಕಡಿದಾದುದು ಎಂಬುದರಲ್ಲಿ ಇಡೀ ಪ್ರಶ್ನೆಯ ಉತ್ತರ ಅಡಗಿದೆ. ಬೆಳಕಿನ ಶಕ್ತಿ ಪೊಟ್ಟಣಗಳಲ್ಲಿ ವಿನಿಮಯವಾಗುತ್ತದೆ ಎಂದು 1900ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ಪ್ಲಾಂಕ್ ಮಂಡಿಸಿದ್ದು ಇಂಥ ಕಾದ ವಸ್ತುಗಳ ಬೆಳಕನ್ನು ವಿವರಿಸುವುದಕ್ಕಾಗಿಯೇ. ಶಕ್ತಿಗೆ ಇಂಥ ಪೊಟ್ಟಣಗಳಿಲ್ಲ, ಅದು ಎಷ್ಟು ಚಿಕ್ಕ ಪಾಲಿನಲ್ಲಾದರೂ ಹೊರಡಬಲ್ಲದು ಎಂಬ ಹಳೆಯ ಸಿದ್ಧಾಂತವೇ ನಿಜವಾಗಿದ್ದಿದ್ದರೆ ತಣ್ಣಗೆ ಕುಳಿತ ಚೊಂಬು ಕೂಡ ಕತ್ತಲೆಯಲ್ಲಿ ಬೆಳಗಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ ಇದು: ಕಡುಗೆಂಪು ಬೆಳಕಿನ ಒಂದು ಪೊಟ್ಟಣ, ಅಂದರೆ ಒಂದು ಫೋಟಾನ್, ಹೊರಡಬೇಕಾದರೆ ಬೇಕಾಗುವ ಶಕ್ತಿ 27 ಡಿಗ್ರಿಯ ವಸ್ತುವಿನಲ್ಲಿ ಕಣವೊಂದರ ಪಾಲಿಗೆ ಸಾಮಾನ್ಯವಾಗಿ ಬರುವ ಉಷ್ಣಶಕ್ತಿಯ ಸುಮಾರು 68 ಪಟ್ಟು. ಅಷ್ಟು ಶಕ್ತಿ ಒಂದೇ ಕಡೆ ಕೂಡಿಬರುವುದು ಅತ್ಯಂತ ವಿರಳ. 525 ಡಿಗ್ರಿಗೆ ಏರಿದರೆ ಈ ಅನುಪಾತ ಸುಮಾರು 26ಕ್ಕೆ ಇಳಿಯುತ್ತದೆ. 68 ಮತ್ತು 26ರ ನಡುವಿನ ಅಂತರ ಘಾತದಲ್ಲಿ ಕೂರುವುದರಿಂದ ಸಂಭವನೀಯತೆ ಕೋಟಿ ಕೋಟಿ ಪಟ್ಟುಗಳನ್ನೂ ಮೀರಿ ಹೆಚ್ಚುತ್ತದೆ.

ಕುತೂಹಲಕ್ಕೆ ನಾನೇ ಲೆಕ್ಕ ಹಾಕಿ ನೋಡಿದೆ. ಮನುಷ್ಯನ ಮೈಯ ಮೇಲ್ಮೈ 1.7 ಚದರ ಮೀಟರ್, ತಾಪ 37 ಡಿಗ್ರಿ ಎಂದಿಟ್ಟುಕೊಂಡರೆ, ಬಿಸಿಯ ಕಾರಣದಿಂದ ಇಡೀ ಮೈಯಿಂದ ಹೊರಡುವ ಕಣ್ಣಿಗೆ ಕಾಣಬಲ್ಲ ಫೋಟಾನುಗಳು ಏಳು ನಿಮಿಷಕ್ಕೆ ಒಂದರಂತೆ ಬರುತ್ತವೆ. 525 ಡಿಗ್ರಿಯ ಕಪ್ಪು ಮೇಲ್ಮೈಯಾದರೆ, ಉಗುರಿನಷ್ಟಗಲದ ಒಂದು ಚದರ ಸೆಂಟಿಮೀಟರಿನಿಂದಲೇ ಸೆಕೆಂಡಿಗೆ ಸುಮಾರು 15,000 ಕೋಟಿ. ಅಲ್ಲಿಂದ ಮುಂದೆ ಇನ್ನು ನೂರು ಡಿಗ್ರಿ ಕಾಯಿಸಿದರೆ ಒಟ್ಟು ವಿಕಿರಣ ಹೆಚ್ಚುವುದು ಕೇವಲ 1.6 ಪಟ್ಟು, ಕಡುಗೆಂಪಿನ ಭಾಗ ಮಾತ್ರ ಸುಮಾರು 17 ಪಟ್ಟು. ಬೂದಿ ಮುಚ್ಚಿದ ಕೆಂಡವನ್ನು ಊದಿದ ಕೂಡಲೇ ಅದು ಕಣ್ಣು ಬಿಟ್ಟಂತೆ ಕಾಣುವುದರ ಹಿಂದೆಯೂ ಈ ಲೆಕ್ಕವಿದೆ: ಗಾಳಿ ಸಿಕ್ಕಿ ತಾಪ ಸ್ವಲ್ಪವೇ ಏರಿದರೂ ಬೆಳಕು ಹಲವು ಪಟ್ಟು ಏರುತ್ತದೆ.

ಎಲ್ಲ ವಸ್ತುಗಳೂ ಹೆಚ್ಚುಕಡಿಮೆ ಒಂದೇ ತಾಪದಲ್ಲಿ ಕೆಂಪಾಗುತ್ತವೆ ಎಂಬುದನ್ನು ಮೊದಲು ಗಮನಿಸಿ 1792ರಲ್ಲಿ ಪ್ರಕಟಿಸಿದವನು ಥಾಮಸ್ ವೆಜ್‌ವುಡ್, ಇಂಗ್ಲೆಂಡಿನ ಹೆಸರಾಂತ ಪಿಂಗಾಣಿ ತಯಾರಕನ ಮಗ. ಆವಿಗೆಯ ಮುಂದೆ ಬೆಳೆದವನಿಗೆ ಇದು ಕಂಡದ್ದು ಸಹಜವೇ. 1847ರಲ್ಲಿ ಅಮೆರಿಕದ ಜಾನ್ ವಿಲಿಯಂ ಡ್ರೇಪರ್ ಪ್ಲಾಟಿನಂ ಪಟ್ಟಿಯನ್ನು ವಿದ್ಯುತ್ತಿನಿಂದ ಕಾಯಿಸಿ ಆ ತಾಪವನ್ನು 977 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 525 ಡಿಗ್ರಿ ಸೆಲ್ಸಿಯಸ್ ಎಂದು ನಿಗದಿಪಡಿಸಿದ. ಒಂದು ಮೇಲ್ಮೈ ಇನ್ನೊಂದಕ್ಕಿಂತ ನಾಲ್ಕು ಪಟ್ಟು ಕಡಿಮೆ ಸೂಸಿದರೂ ಆ ಕೊರತೆಯನ್ನು ಐವತ್ತು ಡಿಗ್ರಿಯ ಏರಿಕೆ ತುಂಬಿಬಿಡುವುದರಿಂದ ಪ್ಲಾಟಿನಂ, ಕಬ್ಬಿಣ, ಇಟ್ಟಿಗೆಗಳ ನಡುವೆ ಭೇದ ಎದ್ದು ಕಾಣುವುದಿಲ್ಲ. ಬೆಳಕನ್ನು ಬಹುತೇಕ ಹೀರದೆ ಹಾಯಗೊಡುವ ಶುದ್ಧ ಸ್ಫಟಿಕಶಿಲೆಯಂಥವು ಮಾತ್ರ ಹಿಂದೆ ಉಳಿಯುತ್ತವೆ.

ಡ್ರೇಪರ್‌ನ ಅಂಕಿಯನ್ನು ಪ್ರಕೃತಿಯ ನಿಯತಾಂಕವೆಂಬಂತೆ ಹೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ, ಅದು ಅರ್ಧಪಾಲು ಕಣ್ಣಿನ ಅಳತೆ. 1887ರಲ್ಲಿ ಭೌತವಿಜ್ಞಾನಿ ಎಚ್. ಎಫ್. ವೆಬರ್ ಪೂರ್ಣ ಕತ್ತಲೆಯಲ್ಲಿ ಕುಳಿತು ನೋಡಿದಾಗ ಲೋಹ ಸುಮಾರು 400 ಡಿಗ್ರಿಯಲ್ಲೇ ಬಣ್ಣವಿಲ್ಲದ, ಮಂಜಿನಂಥ ಬೂದು ಬೆಳಕಾಗಿ ಕಾಣಿಸಿತು. ಮಬ್ಬಿನಲ್ಲಿ ಕೆಲಸ ಮಾಡುವ ಅಕ್ಷಿಪಟದ ದಂಡಕೋಶಗಳಿಗೆ ಬಣ್ಣದ ಅರಿವಿಲ್ಲ. ಅವು ಮೊದಲು ಎಚ್ಚರಗೊಳ್ಳುತ್ತವೆ, ಬಣ್ಣವನ್ನು ಗುರುತಿಸುವ ಶಂಕುಕೋಶಗಳು ಆಮೇಲೆ ಸೇರಿಕೊಳ್ಳುತ್ತವೆ. ಆ ಬೂದು ಬೆಳಕನ್ನು ನೆಟ್ಟ ನೋಟದಿಂದ ಹಿಡಿಯಲಾಗದು, ಏಕೆಂದರೆ ಅಕ್ಷಿಪಟದ ನಟ್ಟನಡುವೆ ದಂಡಕೋಶಗಳಿಲ್ಲ, ಓರೆಗಣ್ಣಿನಿಂದ ನೋಡಬೇಕು.

ಕಮ್ಮಾರರು ಇದನ್ನೆಲ್ಲ ಲೆಕ್ಕವಿಲ್ಲದೆ ಬಲ್ಲರು. ನಾನು ನೋಡಿದ ಕುಲುಮೆಯ ಗುಡಿಸಲಿಗೆ ಕಿಟಕಿ ಇರಲಿಲ್ಲ. ಬಿಸಿಲು ಬಿದ್ದರೆ ಕಬ್ಬಿಣದ ಹದ ತಿಳಿಯುವುದಿಲ್ಲ ಎಂದು ಅಲ್ಲಿನ ಹಿರಿಯರು ಬಾಗಿಲನ್ನೂ ಅರೆಮುಚ್ಚಿಸುತ್ತಿದ್ದರು. ತಿದಿ ಒತ್ತಿದಂತೆ ಕುಡುಗೋಲಿನ ಪಟ್ಟಿ ಕರಿಗೆಂಪಿನಿಂದ ಕೆಂಡದ ಕೆಂಪಿಗೆ, ಸುಮಾರು ಸಾವಿರ ಡಿಗ್ರಿ ದಾಟಿದ ಮೇಲೆ ಹಳದಿಗೆ ತಿರುಗುತ್ತಿತ್ತು. ನಡುವೆ ಹಸಿರು ಎಂದೂ ಬರುವುದಿಲ್ಲ. ಹಸಿರು ಬೆಳಕು ಹೊರಡುವ ಹೊತ್ತಿಗೆ ಕೆಂಪು ಅದಕ್ಕಿಂತ ಹೆಚ್ಚಾಗಿ ಹೊರಡುತ್ತಿರುತ್ತದೆ, ಎರಡೂ ಬೆರೆತು ಹಳದಿಯಾಗಿ ಕಾಣುತ್ತವೆ.

ಹಪ್ಪಳ ಸುಟ್ಟಾದ ಮೇಲೆ ಒಲೆ ಆರಿಸಿದರೆ ಜಾಲರಿಯ ಕೆಂಪು ಎರಡು ಮೂರು ಸೆಕೆಂಡಿನಲ್ಲಿ ಮಾಯವಾಗುತ್ತದೆ. ಆಗ ಅದು ತಣ್ಣಗಾದಂತೆ ತೋರಿದರೂ ತಾಪ ನಾಲ್ಕುನೂರು ಡಿಗ್ರಿಯ ಹತ್ತಿರವೇ ಇರಬಹುದು; ಕಪ್ಪಾಗಿ ಕಂಡ ತಂತಿಯನ್ನು ಹಿಡಿಯಲು ಹೋದ ನನ್ನ ತೋರುಬೆರಳಿನಲ್ಲಿ ಅದರ ಗೆರೆ ಇನ್ನೂ ಇದೆ.