ನಿಮ್ಮ ಅಜ್ಜಿ ಸಿಚುವಾನಿನವರಾ?

ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿ ಒಬ್ಬರ ಮನೆಯ ಊಟದ ಮೇಜಿನ ಫೋಟೊವನ್ನು ನಮ್ಮ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದೇ ತಡ, ಶಿರಸಿಯಿಂದ ಭಾವನ ಮೆಸೇಜು ಬಂತು. "ಇದ್ರಲ್ಲಿ ಹಾವು ಯಾವುದು, ಬಾವಲಿ ಯಾವುದು?" ಹಿಂದೆಯೇ ಸಾಲಾಗಿ ನಗುವ ಮುಖಗಳು. ನಾನು ಕೆಲಸದ ಮೇಲೆ ಚೀನಾಕ್ಕೆ ಹೋದಾಗಲೆಲ್ಲ ಇದೇ ಜೋಕು. ನಾನೂ ಒಂದು ನಗುವ ಮುಖ ಒತ್ತಿ ಸುಮ್ಮನಾಗುವುದು ರೂಢಿ. ಈ ಸಲ ಒತ್ತಲಿಲ್ಲ. ಆ ಮೇಜಿನ ಎದುರು ಕೂತಿದ್ದ ಎರಡನೇ ಕ್ಲಾಸಿನ ಹುಡುಗಿ ಅಷ್ಟೊತ್ತಿಗೆ ನನ್ನನ್ನು ಒಂದು ಪ್ರಶ್ನೆ ಕೇಳಿಬಿಟ್ಟಿದ್ದಳು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬಾವಲಿಯ ಲೆಕ್ಕ ಮುಗಿಸಿಬಿಡೋಣ. 2020ರಲ್ಲಿ ನಮ್ಮೆಲ್ಲರ ಫೋನಿಗೂ ಬಂದಿದ್ದ ಆ ಬಾವಲಿ ಸೂಪಿನ ವಿಡಿಯೊ ಚೀನಾದಲ್ಲಿ ತೆಗೆದದ್ದೇ ಅಲ್ಲ. ಪ್ರವಾಸದ ವಿಡಿಯೊ ಮಾಡುವ ಚೀನಾದ ಹೆಂಗಸೊಬ್ಬರು 2016ರಲ್ಲಿ ಪೆಸಿಫಿಕ್ ಸಾಗರದ ಪಲಾವ್ ಎಂಬ ದ್ವೀಪ ದೇಶದಲ್ಲಿ ತೆಗೆದದ್ದು. ಪಲಾವ್ ಎಂಬ ದೇಶದಲ್ಲಿ ಸೂಪು ಕುಡಿಯಲು ಹೋದದ್ದೇ ತಪ್ಪು ಅನ್ನಿ. ಕಾಡುಪ್ರಾಣಿ ತಿನ್ನುವುದನ್ನು ಚೀನಾ ಸರ್ಕಾರ 2020ರ ಫೆಬ್ರವರಿಯಲ್ಲೇ ನಿಷೇಧಿಸಿತು. ಕಪ್ಪೆ ತಿನ್ನುತ್ತಾರೆ, ಅದು ಸುಳ್ಳಲ್ಲ. ಮೊಲದ ತಲೆಯೆಂದರೆ ಚೆಂಗ್ಡುವಿನವರಿಗೆ ಪ್ರಾಣ. ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು, ದವಡೆ ಬಿಡಿಸಿ, ಒಂದೊಂದೇ ಭಾಗ ಚೀಪುತ್ತಾರೆ. ಆಗ ನಾನು ಕಿಟಕಿಯ ಆಚೆ ನೋಡುತ್ತಾ ಟೀ ಕುಡಿಯುತ್ತೇನೆ.

ನಾನು ಇರುವುದು ಸಿಂಗಪುರದಲ್ಲಿ. ಟ್ರಾನ್ಸ್‌ಫಾರ್ಮರಿನ ಬಿಡಿಭಾಗ ಮಾಡುವ ಕಾರ್ಖಾನೆಗಳನ್ನು ನೋಡಿ ಬರುವುದು ಕೆಲಸ. ಊಟದ ವಿಷಯದಲ್ಲಿ ಶಿರಸಿಯ ಹವ್ಯಕರ ಮನೆಯಿಂದ ಹೊರಟು ಮೊಟ್ಟೆಯ ತನಕ ಬಂದು ನಿಂತವನು. ಮೊಟ್ಟೆಯ ಆಚೆ ಹೋಗುವ ಮನಸ್ಸೂ ಇಲ್ಲ, ಅದು ದೊಡ್ಡ ಸಾಧನೆ ಎಂಬ ಜಂಬವೂ ಇಲ್ಲ.

ಹಾಗಂತ ಚೀನಾದಲ್ಲಿ ತಿನ್ನಲು ಏನೂ ಸಿಗುವುದಿಲ್ಲ ಎನ್ನುವವರ ಮಾತು ನಂಬಬೇಡಿ. ಹಸಿರು ಸೊಪ್ಪು, ತಾವರೆಯ ಗೆಡ್ಡೆ, ಕಳಲೆ, ಹತ್ತಾರು ಬಗೆಯ ಅಣಬೆ, ತೋಫು. ನಮ್ಮ ಮಲೆನಾಡಿನವರು ಇಲ್ಲಿಯ ತರಕಾರಿ ಮಾರ್ಕೆಟ್ಟಿಗೆ ಬಂದರೆ ಅರ್ಧ ಗುರುತು ಹಿಡಿಯುತ್ತಾರೆ. ತೊಂದರೆ ಇರುವುದು ಬೇರೆ ಕಡೆ. "ಮಾಂಸ ಬೇಡ" ಅಂದರೆ ಅಡುಗೆಯವನು ಮಾಂಸದ ತುಂಡು ಹಾಕುವುದಿಲ್ಲ, ಅಷ್ಟೇ. ಯಾವ ಎಣ್ಣೆ, ಯಾವುದನ್ನು ಕುದಿಸಿದ ನೀರು ಎಂಬುದು ಅವನ ತಲೆಗೆ ಬರುವುದೇ ಇಲ್ಲ. ಇಲ್ಲಿ ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಅದ್ದಿ ಬೇಯಿಸಿ ತಿನ್ನುವ ಹಾಟ್‌ಪಾಟಿನ ಕೆಂಪು ಸಾರಿನ ಮೇಲೆ ತೇಲುವುದು ದನದ ಕೊಬ್ಬು. ಅದಕ್ಕೇ ನನಗೆ ಯಾವಾಗಲೂ ಪಕ್ಕದ ಅಣಬೆ ಸಾರಿನ ಪಾಲು.

ಮೊಟ್ಟೆಯ ತನಕ ಬಂದೆ ಅಂದೆನಲ್ಲ, ಇಲ್ಲಿ ಮೊಟ್ಟೆಯಲ್ಲೂ ಒಂದು ಪರೀಕ್ಷೆ ಇದೆ. ಪೀದಾನ್ ಎನ್ನುತ್ತಾರೆ. ಬಾತುಕೋಳಿಯ ಮೊಟ್ಟೆಯನ್ನು ಸುಣ್ಣ, ಬೂದಿ, ಉಪ್ಪಿನಲ್ಲಿ ವಾರಗಟ್ಟಲೆ ಇಡುತ್ತಾರೆ. ಬೇಯಿಸುವುದೇ ಇಲ್ಲ, ಸುಣ್ಣದ ಕ್ಷಾರವೇ ಅದನ್ನು ಗಟ್ಟಿ ಮಾಡುತ್ತದೆ. ಬಿಳಿ ಇರಬೇಕಾದ ಜಾಗದಲ್ಲಿ ಕಪ್ಪು, ಹಳದಿ ಇರಬೇಕಾದ ಜಾಗದಲ್ಲಿ ಬೂದು ಹಸಿರು. ಅಮೋನಿಯದ ವಾಸನೆ. ಬಾಯಿಗಿಟ್ಟರೆ ಅಷ್ಟೇನೂ ಭಯಂಕರವಲ್ಲ, ಹಸಿಮೆಣಸು ಮತ್ತು ವಿನೆಗರ್ ಜೊತೆ ಕೊಟ್ಟಾಗ ಎರಡನೇ ಹೋಳಿಗೂ ಕೈ ಹಾಕಿದೆ. ನನ್ನನ್ನು ನಿಜಕ್ಕೂ ಸೋಲಿಸಿದ್ದು ಒಂದು ಬೇರು. ಜೆರ್‌ಗೆನ್ ಅಂತ. ಬೆಳ್ಳಗೆ, ನಾರಿನಂಥ, ಮುಗ್ಧವಾಗಿ ಕಾಣುವ ಸಸ್ಯಾಹಾರ. ಕಚ್ಚಿದರೆ ಹಸಿ ಮೀನಿನ ವಾಸನೆ! ನಮ್ಮ ಮೇಘಾಲಯ, ಮಣಿಪುರದವರೂ ಈ ಗಿಡವನ್ನು ಇಷ್ಟಪಟ್ಟು ತಿನ್ನುತ್ತಾರಂತೆ. ತಿನ್ನಲಿ, ಸಂತೋಷ.

ಭಾವನಿಗೆ ಹೇಳಬೇಕಾದ ಇನ್ನೊಂದು ಸಂಗತಿ: ಇಲ್ಲಿ ಗೋಬಿ ಮಂಚೂರಿ ಇಲ್ಲ. ಮಂಚೂರಿಯನ್ ಹುಟ್ಟಿದ್ದು ಮುಂಬೈನಲ್ಲಿ, 1975ರಲ್ಲಿ. ಕೋಲ್ಕತಾದ ಚೀನೀ ಮನೆತನದ ನೆಲ್ಸನ್ ವಾಂಗ್ ಅದನ್ನು ಮೊದಲು ಕೋಳಿಯಲ್ಲಿ ಮಾಡಿದರು, ಹೂಕೋಸು ಆಮೇಲೆ ಬಂತು. ಚೆಂಗ್ಡುವಿನಲ್ಲೂ ಹೂಕೋಸನ್ನು ಪುಟ್ಟ ಬಾಣಲೆಯಲ್ಲಿ ಒಣಮೆಣಸಿನ ಜೊತೆ ಬಾಡಿಸಿ, ಕೆಳಗೆ ಬೆಂಕಿ ಇಟ್ಟು ಮೇಜಿಗೆ ತರುತ್ತಾರೆ. ಹಂದಿಮಾಂಸ ಬಿಟ್ಟು ಮಾಡಿಕೊಡಿ ಎಂದು ಹೇಳಿಸಬೇಕು. ಅದು ಕೆಂಪಗಿರುವುದಿಲ್ಲ. ನಮ್ಮ ಜಾತ್ರೆಯ ಗೋಬಿ ಎಷ್ಟು ಕೆಂಪು ಅಂದರೆ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಅದರ ಕೃತಕ ಬಣ್ಣಕ್ಕೆ ನಿಷೇಧ ಹಾಕಬೇಕಾಯಿತು. ಅದನ್ನು ನಾವು "ಚೈನೀಸ್" ಎಂದು ಕರೆದು ತಟ್ಟೆ ನೆಕ್ಕುತ್ತೇವೆ, ಚೀನಾದವರು ಏನು ತಿನ್ನುತ್ತಾರೆ ಎಂದು ಮುಖ ಸಿಂಡರಿಸುತ್ತೇವೆ.

ಈಗ ಹುಡುಗಿಯ ವಿಷಯ.

ಕಾರ್ಖಾನೆಯ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದಿದ್ದರು. ಚೀನಾದಲ್ಲಿ ಕೆಲಸದವರನ್ನು ಹೋಟೆಲಿಗೆ ಕರೆಯುವುದು ಜಾಸ್ತಿ, ಮನೆಗೆ ಕರೆಯುವುದು ಕಮ್ಮಿ. ಹಾಗಾಗಿ ಖುಷಿಯಿಂದಲೇ ಹೋದೆ. ಅಡುಗೆ ಅವರ ತಾಯಿಯದ್ದು. ನನ್ನ ಸಲುವಾಗಿ ಮಾಪೊ ತೋಫುವಿಗೆ ಮಾಂಸದ ಬದಲು ಅಣಬೆ ಕೊಚ್ಚಿ ಹಾಕಿದ್ದರು. ಮಾಪೊ ತೋಫು ಚೆಂಗ್ಡುವಿನದೇ ಅಡುಗೆ. 1862ರ ಹೊತ್ತಿಗೆ ಊರಿನ ಉತ್ತರದ ಸೇತುವೆಯೊಂದರ ಹತ್ತಿರ, ಮುಖದಲ್ಲಿ ಸಿಡುಬಿನ ಕಲೆ ಇದ್ದ ಚೆನ್ ಮನೆತನದ ಹೆಂಗಸೊಬ್ಬಳು ಅದನ್ನು ಮಾಡಿ ಬಡಿಸುತ್ತಿದ್ದಳು ಎನ್ನುತ್ತಾರೆ. ಮೊದಲು ಎಣ್ಣೆಗೆ ದೋಬಾನ್‌ಜ್ಯಾಂಗ್ ಬೀಳಬೇಕು. ದಪ್ಪ ಅವರೆಯಂಥ ಕಾಳು ಮತ್ತು ಕೆಂಪು ಮೆಣಸಿನಕಾಯಿಯನ್ನು ಮಡಕೆಗಳಲ್ಲಿ ತುಂಬಿ ಬಿಸಿಲಿಗೆ ಇಟ್ಟು, ದಿನಾ ಕಲಕಿ, ಮಳೆ ಬಂದರೆ ಮುಚ್ಚಿ, ತಿಂಗಳುಗಟ್ಟಲೆ ಹುಳಿ ಬರಿಸಿದ ಮಸಾಲೆ ಅದು. ಚೆಂಗ್ಡುವಿನ ಪಕ್ಕದ ಪೀದು ಅದಕ್ಕೆ ಹೆಸರುವಾಸಿ. ಕೊನೆಗೆ ಮೇಲಿನಿಂದ ಉದುರಿಸುವುದು ಹ್ವಾಜ್ಯಾವ್, ಅಂದರೆ ಸಿಚುವಾನ್ ಪೆಪ್ಪರಿನ ಪುಡಿ.

ಹ್ವಾಜ್ಯಾವ್ ನನಗೆ ಹೊಸದಲ್ಲ. ಮೊದಲ ಸಲ ತಿಂದವರಿಗೆ ಗಾಬರಿಯಾಗುತ್ತದೆ. ಒಂಬತ್ತು ವೋಲ್ಟಿನ ಬ್ಯಾಟರಿಗೆ ನಾಲಿಗೆ ತಾಗಿಸಿದ ಹಾಗೆ ತುಟಿ ಜುಮುಗುಡುತ್ತದೆ, ಆಮೇಲೆ ಮರಗಟ್ಟುತ್ತದೆ. 2013ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು ಇದನ್ನು ಅಳೆದೂ ನೋಡಿದರು. ತುಟಿಗೆ ಇದನ್ನು ಹಚ್ಚಿ, ಬೆರಳಿಗೆ ಯಂತ್ರದಿಂದ ಕಂಪನ ಕೊಟ್ಟು, ಎರಡೂ ಯಾವಾಗ ಒಂದೇ ಎನಿಸುತ್ತದೆ ಎಂದು ಜನರನ್ನು ಕೇಳಿದರು. ಉತ್ತರ ಸುಮಾರು 50 ಹರ್ಟ್ಸ್. ನನ್ನಂಥ ಟ್ರಾನ್ಸ್‌ಫಾರ್ಮರಿನವನಿಗೆ ಇದಕ್ಕಿಂತ ಖುಷಿಯ ಸುದ್ದಿ ಬೇಕಾ? ನಮ್ಮ ಮನೆಯ ಕರೆಂಟೂ 50 ಹರ್ಟ್ಸ್, ಚೀನಾದ್ದೂ ಅಷ್ಟೇ.

ಆ ಮೇಜಿನಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ವಿದೇಶದವನು ಈಗ ಬಾಯಿ ಊದುತ್ತಾನೆ, ನೀರು ಕೇಳುತ್ತಾನೆ ಎಂದು ಕಾಯುತ್ತಿದ್ದರು. ನಾನು ಆರಾಮಾಗಿ ಅನ್ನಕ್ಕೆ ಇನ್ನೊಂದು ಚಮಚ ಹಾಕಿಕೊಂಡೆ. ಹುಡುಗಿಗೆ ನಿರಾಸೆಯಾಯಿತು. ಯಾಕೆ ಇವರಿಗೆ ಏನೂ ಆಗುತ್ತಿಲ್ಲ ಎಂದು ತಾಯಿಯನ್ನು ಕೇಳಿದಳು. ತಾಯಿ ಇಂಗ್ಲಿಷಿಗೆ ತಿರುಗಿಸಿದರು. ನಾನು ಹೇಳಿದೆ: ನಮ್ಮ ಊರಲ್ಲೂ ಇದರ ನೆಂಟ ಮರ ಒಂದಿದೆ. ಚಿಕ್ಕವನಿದ್ದಾಗ ನನ್ನ ಅಜ್ಜಿ ಅದರ ಕಾಯಿ ಹಾಕಿ ಅಡುಗೆ ಮಾಡುತ್ತಿದ್ದರು.

ಹುಡುಗಿ ಚಾಪ್‌ಸ್ಟಿಕ್ ಕೆಳಗಿಟ್ಟು, ಸ್ವಲ್ಪ ಯೋಚಿಸಿ ಕೇಳಿದಳು. "ಹಾಗಾದ್ರೆ ಚಿಕ್ಕಪ್ಪ, ನಿಮ್ಮ ಅಜ್ಜಿ ಸಿಚುವಾನಿನವರಾ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳ ಲೆಕ್ಕದಲ್ಲಿ ಅದು ಸರಿಯಾದ ಪ್ರಶ್ನೆ. ಹ್ವಾಜ್ಯಾವ್ ಹಾಕಿ ಅಡುಗೆ ಮಾಡುವ ಅಜ್ಜಿ ಇನ್ನೆಲ್ಲಿಯವಳಾಗಿರಲು ಸಾಧ್ಯ?

ಶಿರಸಿ ಕಡೆಯವರಿಗೆ ನಾನು ಹೇಳುವ ಮರ ಗೊತ್ತಾಗಿರಬೇಕು. ಜುಮ್ಮನಕಾಯಿ. ಕೊಂಕಣಿಯವರು ತೆಪ್ಪಳ ಎನ್ನುತ್ತಾರೆ. ಕರಾವಳಿಯಲ್ಲಿ ಬಂಗುಡೆ, ತಾರ್ಲೆ ಸಾರಿಗೆ ಬೀಳುತ್ತದೆ. ಮೈತುಂಬ ಮುಳ್ಳಿರುವ ಎತ್ತರದ ಮರ, ನಿಂಬೆಯ ಕುಟುಂಬದ್ದೇ. ಹ್ವಾಜ್ಯಾವ್ ಕೂಡ ಅದೇ ಕುಟುಂಬ. ಎರಡರಲ್ಲೂ ಒಳಗಿನ ಕಪ್ಪು ಬೀಜ ಬಿಸಾಡಿ ಹೊರಗಿನ ಒಣ ಸಿಪ್ಪೆ ಮಾತ್ರ ಬಳಸುತ್ತಾರೆ. ಅಜ್ಜಿ ಆ ಸಿಪ್ಪೆಯನ್ನು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದಳು. ಮಳೆಗಾಲದಲ್ಲಿ ಹೊಟ್ಟೆ ಸರಿ ಇಲ್ಲ ಅಂದರೆ ಅದೇ ಔಷಧಿ, ಅದೇ ಊಟ. ನಾಲಿಗೆ ಜುಮ್ ಎಂದಾಗ ನಾವು ಮಕ್ಕಳು ಒಬ್ಬರಿಗೊಬ್ಬರು ನಾಲಿಗೆ ತೋರಿಸಿಕೊಂಡು ನಗುತ್ತಿದ್ದೆವು.

ಆ ಹುಡುಗಿ ನನ್ನ ಅಜ್ಜಿಗೆ ಒಂದೇ ಮಾತಲ್ಲಿ ತನ್ನ ಊರಿನ ಪೌರತ್ವ ಕೊಟ್ಟಳು. ಹೋಟೆಲಿಗೆ ವಾಪಸ್ ಹೋಗುವಾಗ ಟ್ಯಾಕ್ಸಿಯಲ್ಲಿ ನನಗೆ ಬಂದ ಯೋಚನೆ ತಿರುಗಾಮುರುಗ. ಈ ಹುಡುಗಿ ನಮ್ಮ ಹಳೇ ಮನೆಗೆ ಬಂದಿದ್ದರೆ?

ಅಜ್ಜಿ ಬಡಿಸುತ್ತಿದ್ದಳು, ಅದರಲ್ಲಿ ಸಂಶಯವಿಲ್ಲ. ಬಂದವರನ್ನು ಉಪವಾಸ ಕಳಿಸಿದವಳಲ್ಲ. ಬಾಳೆಲೆ ಹಾಕಿ, ಸಾಕು ಸಾಕು ಅಂದರೂ ಇನ್ನೊಂದು ಸೌಟು ಹಾಕುತ್ತಿದ್ದಳು. ಆದರೆ ಜಗಲಿಯಲ್ಲಿ. ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬರುತ್ತಿದ್ದವರಿಗೆ ಜಗಲಿಯೂ ಇರಲಿಲ್ಲ, ಅಂಗಳ. ಅವರ ಲೋಟ ಹೊರಗಿನ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು. ಚಾ ಕುಡಿದು ಅವರೇ ತೊಳೆದು ಅಲ್ಲೇ ಇಡಬೇಕು. ಜುಮ್ಮನಕಾಯಿ ಮರ ಹತ್ತಿ, ಮುಳ್ಳು ತರಚಿಸಿಕೊಂಡು ಕಾಯಿ ಇಳಿಸಿಕೊಡುತ್ತಿದ್ದವರು ಅವರೇ. ತಂಬುಳಿ ಅವರ ಎಲೆಗೂ ಬೀಳುತ್ತಿತ್ತು, ಮೇಲಿನಿಂದ. ಹೊಸಬರು ಬಂದರೆ ಊರಿನಲ್ಲಿ ಮೊದಲ ಪ್ರಶ್ನೆ "ಊಟ ಆಯ್ತಾ" ಆಗಿದ್ದರೂ, ಅದಕ್ಕೂ ಮೊದಲು ಮನಸ್ಸಿನಲ್ಲೇ ಇನ್ನೊಂದು ಪ್ರಶ್ನೆ ಮುಗಿದಿರುತ್ತಿತ್ತು: ಇವರನ್ನು ಎಲ್ಲಿ ಕೂರಿಸುವುದು?

ಈಗ ಗೂಡಿನ ಲೋಟ ಇಲ್ಲ, ಊರಿನಲ್ಲಿ ಸ್ಟೀಲಿನ ಡೈನಿಂಗ್ ಟೇಬಲ್ ಬಂದಿದೆ. ಆದರೂ ಚೀನಾದ ಊಟದ ಮೇಜಿನ ಫೋಟೊ ಕಂಡ ಕೂಡಲೇ ಹಾವು, ಬಾವಲಿ ನೆನಪಾಗುವ ಬುದ್ಧಿಗೂ ಆ ಗೂಡಿನ ಲೋಟಕ್ಕೂ ಸಂಬಂಧ ಇಲ್ಲ ಎಂದು ನನಗೆ ಅನಿಸುವುದಿಲ್ಲ.

ಇಲ್ಲಿಯವರೇನು ಸಾಧುಗಳಲ್ಲ. ನಮ್ಮ ಫೋನಿನಲ್ಲಿ ಬಾವಲಿ ಸೂಪಿದ್ದ ಹಾಗೆ ಅವರ ಫೋನಿನಲ್ಲಿ ನಮ್ಮ ಬೀದಿಬದಿಯ ಪಾನಿಪುರಿ ಇದೆ. ಮಾರುವವನು ಮೊಣಕೈ ತನಕ ಪಾತ್ರೆಯಲ್ಲಿ ಅದ್ದುವ ವಿಡಿಯೊ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಬ್ಬ ಹುಡುಗ ಅದನ್ನು ನನಗೇ ತೋರಿಸಿ, "ನಿಮ್ಮಲ್ಲಿ ಎಲ್ಲರೂ ಹೀಗೇನಾ?" ಎಂದು ಕೇಳಿದ್ದ. ಮುಖ ಬಿಸಿಯಾಗಿತ್ತು. ಏನೋ ಹೇಳಿ ತಪ್ಪಿಸಿಕೊಂಡೆ. ಆಗ ನಮ್ಮ ಭಾವನ ಜೋಕು ನೆನಪಾಗಲಿಲ್ಲ, ಈಗ ಆಗುತ್ತಿದೆ.

ಮೆಣಸಿನಕಾಯಿಯ ಕಥೆ ಕೇಳಿದರೆ ಇಬ್ಬರೂ ಸ್ವಲ್ಪ ಸುಮ್ಮನಾಗಬೇಕು. ಸಿಚುವಾನಿನವರು ನಮ್ಮಷ್ಟು ಖಾರ ಯಾರು ತಿನ್ನುತ್ತಾರೆ ಎಂದು ಮೀಸೆ ತಿರುವುತ್ತಾರೆ, ನಾವು ಬ್ಯಾಡಗಿ ಹೆಸರು ಹೇಳುತ್ತೇವೆ. ಎರಡೂ ಅಮೆರಿಕ ಖಂಡದಿಂದ ಬಂದ ಕಾಯಿ. ನಮಗೆ ಪೋರ್ಚುಗೀಸರು ತಂದರು. ಚೀನಾದ ಕರಾವಳಿಗೆ ಅದು ಬಂದದ್ದು ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ, ಒಳನಾಡಿನ ಸಿಚುವಾನಿಗೆ ಇನ್ನೂ ತಡವಾಗಿ. ಅದಕ್ಕಿಂತ ಮೊದಲು ಅವರ ಖಾರವೆಂದರೆ ಹ್ವಾಜ್ಯಾವ್, ಶುಂಠಿ. ನಮ್ಮ ಖಾರವೆಂದರೆ ಕಾಳುಮೆಣಸು. ನಮ್ಮ ಪಕ್ಕದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಆ ಕಾಳುಮೆಣಸಿಗಾಗಿಯೇ. ಆ ಹಳೆಯ ಅಡುಗೆ ಇವತ್ತಿಗೂ ನಮ್ಮ ಮನೆಗಳಲ್ಲಿ ಒಂದು ದಿನ ಹೊರಗೆ ಬರುತ್ತದೆ, ಶ್ರಾದ್ಧದ ದಿನ. ಅವತ್ತು ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಐನೂರು ವರ್ಷ ಕಳೆದರೂ ಪಿತೃಗಳಿಗೆ ಅವು ಪರದೇಶಿಗಳೇ.

ಹೊರಡುವ ದಿನ ಹುಡುಗಿಯ ಅಜ್ಜಿ ಒಂದು ಪೊಟ್ಟಣ ಕಳಿಸಿಕೊಟ್ಟರು. ಹಾನ್‌ಯುವಾನ್ ಎಂಬ ಊರಿನ ಹ್ವಾಜ್ಯಾವ್. ಹಿಂದೆ ಅಲ್ಲಿಂದ ಚಕ್ರವರ್ತಿಗೆ ಕಪ್ಪವಾಗಿ ಹೋಗುತ್ತಿದ್ದ ಸರಕು. ನಮ್ಮ ಜುಮ್ಮನಕಾಯಿಗೆ ಅಂಥ ಭಾಗ್ಯ ಇಲ್ಲ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಹಿತ್ತಿಲ ಮರ ಹೇಗಿದೆ ಎಂದು ಕೇಳಿದೆ.

"ಅದನ್ನ ಕಡ್ಸಿ ಯಾವ ಕಾಲ ಆತು! ಯಾರು ಹತ್ತಿ ಕೊಯ್ತ ಅದನ್ನ?"

ಆ ಜಾಗದಲ್ಲಿ ಅಡಿಕೆ ಹಾಕಿದ್ದಾರಂತೆ. ತಂಬುಳಿಗೆ ಬೇಕಾದರೆ ಶಿರಸಿ ಪೇಟೆಯಿಂದ ತರಬೇಕು, ಆದರೆ ತಿನ್ನುವವರು ಯಾರು ಎಂದು ಅಮ್ಮನೇ ಕೇಳಿದಳು. ನಾನು ಹುಡುಗಿಯ ಪ್ರಶ್ನೆಯ ಕಥೆ ಹೇಳಿದೆ. ಅಮ್ಮ ತುಂಬ ಹೊತ್ತು ನಕ್ಕಳು. ಆಮೇಲೆ ಪೊಟ್ಟಣದ ಬಗ್ಗೆ ವಿಚಾರಿಸಿಕೊಂಡಳು. ಮರದ್ದಾ, ಬಳ್ಳಿಯದ್ದಾ? ಬೀಜ ತೆಗೆದದ್ದಾ? ಯಾವ ಪಾತ್ರೆಯಲ್ಲೂ ಬೇಯಿಸಿದ್ದಲ್ಲವಲ್ಲ, ಬರೀ ಒಣಗಿಸಿದ್ದಲ್ಲವಾ? ಎಲ್ಲದಕ್ಕೂ ಉತ್ತರ ಹೇಳಿದೆ.

"ತಗಂಡು ಬಾ," ಅಂದಳು. "ಮುಂದಿನ ತಿಂಗಳು ಅಜ್ಜಿ ತಿಥಿ ಇದ್ದಲ. ಮೆಣಸಿನಕಾಯಿ ಬತ್ತಿಲ್ಲೆ. ಇದು ಬತ್ತಾ ಇಲ್ಯ ಹೇಳಿ ಭಟ್ರ ಹತ್ರ ಕೇಳ್ತಿ."