ಸೋತ ಮೇಲೂ ಯಾಕೆ ಯಾರೂ ಮನೆಗೆ ಹೋಗ್ತಿಲ್ಲ?

ಈ ಪ್ರಶ್ನೆ ಕೇಳಿದ್ದು ನನ್ನ ಮಗ. ಅವನಿಗೆ ಒಂಬತ್ತು ವರ್ಷ. 2025ರ ಮೇ 18, ಭಾನುವಾರ ರಾತ್ರಿ. ಗಂಟೆ ಹನ್ನೊಂದು ದಾಟಿತ್ತು. ಪಕ್ಕದ ಮನೆಯ ಬೇಸ್‌ಮೆಂಟಿನಲ್ಲಿ ನಾವು ಆರು ಜನ ಕೂತಿದ್ದೆವು. ಟೊರೊಂಟೊ ಮೇಪಲ್ ಲೀಫ್ಸ್ ಸೋತು ಆಗಲೇ ಸುಮಾರು ಒಂದು ಗಂಟೆ ಆಗಿತ್ತು. ಟಿವಿ ಆರಿಸಿದ್ದರು. ಆದರೂ ಯಾರೊಬ್ಬರೂ ಚಪ್ಪಲಿ ಹುಡುಕುತ್ತಿರಲಿಲ್ಲ. ಎಲ್ಲರೂ ಸಿನಿಮಾದ ಬಗ್ಗೆ ಮಾತಾಡುತ್ತಿದ್ದೆವು.

'ಅವ್ವ, ಸೋತಿದ್ದು ನಾವು ತಾನೇ? ಮತ್ತೆ ಯಾಕೆ ಯಾರೂ ಮನೆಗೆ ಹೋಗ್ತಿಲ್ಲ?'

ನಿದ್ದೆಗಣ್ಣಲ್ಲಿ ಕೇಳಿದ್ದ. ನಾನು 'ಹೋಗೋಣ, ಐದು ನಿಮಿಷ' ಅಂದೆ. ಆ ಪ್ರಶ್ನೆ ಮಾತ್ರ ವಾರವಿಡೀ ತಲೆಯಲ್ಲೇ ಉಳಿಯಿತು.

ಊರಿನವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಕೆನಡಾದಲ್ಲಿ ಹಾಕಿ ಅಂದರೆ ಐಸ್ ಹಾಕಿ. ಬೇರೆ ಹಾಕಿ ಇದೆ ಅನ್ನೋದೇ ಇಲ್ಲಿನ ಎಷ್ಟೋ ಮಕ್ಕಳಿಗೆ ನೆನಪಿರುವುದಿಲ್ಲ. ನಮ್ಮ ಟೊರೊಂಟೊ ತಂಡ ಸ್ಟಾನ್ಲಿ ಕಪ್ ಗೆದ್ದದ್ದು ಕೊನೆಯ ಸಲ 1967ರಲ್ಲಿ. ಆಮೇಲೆ ಒಮ್ಮೆಯೂ ಇಲ್ಲ. ಆ ಕಪ್ಪಿಗಾಗಿ ಕೊನೆಗೆ ನಡೆಯುವ ಪ್ಲೇಆಫಿನಲ್ಲಿ ಒಂದೊಂದು ಸುತ್ತಿಗೂ ಹೆಚ್ಚೆಂದರೆ ಏಳು ಮ್ಯಾಚು, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಈ ತಂಡ ಏಳನೇ ಮ್ಯಾಚಿನವರೆಗೂ ಬರುತ್ತದೆ, ಅಲ್ಲಿ ಸೋಲುತ್ತದೆ. 2013, 2018, 2019, 2021, 2022, 2024. ಪಕ್ಕದ ಮನೆಯ ಅಜ್ಜ ಈ ವರ್ಷಗಳನ್ನು ಮಗ್ಗಿ ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ. 1967ರಲ್ಲಿ ಅವರಿಗೆ ಎಂಟು ವರ್ಷ. ತಮ್ಮ ಅಪ್ಪನ ಪಕ್ಕ ನೆಲದ ಮೇಲೆ ಕೂತು ನೋಡಿದ್ದರಂತೆ. ನನ್ನ ಮಗ ಅವರನ್ನು 'ಅಜ್ಜ' ಎಂದೇ ಕರೆಯುತ್ತಾನೆ, ಅವರೂ ಓ ಅನ್ನುತ್ತಾರೆ.

ಈ ಸಲ ಫ್ಲೋರಿಡಾ ಪ್ಯಾಂಥರ್ಸ್ ಎದುರು ಮೊದಲ ಎರಡು ಮ್ಯಾಚು ನಾವೇ ಗೆದ್ದಿದ್ದೆವು. ಆಮೇಲೆ ಮತ್ತದೇ ಏಳನೇ ಮ್ಯಾಚು, ಅದೂ ನಮ್ಮೂರಲ್ಲೇ. ಮೊದಲ ಅವಧಿಯಲ್ಲಿ ಗೋಲಿಲ್ಲ. ಎರಡನೆಯದರಲ್ಲಿ ಅವರು ಮೂರು ಹೊಡೆದರು. ಮೂರನೆಯದು ಶುರುವಾಗುತ್ತಲೇ ನಮ್ಮದೊಂದು ಬಿತ್ತು. ಬೇಸ್‌ಮೆಂಟಿನಲ್ಲಿ ಎಲ್ಲರೂ ಎದ್ದು ನಿಂತೆವು. ಕೂರುವಷ್ಟರಲ್ಲಿ ಅವರು ಇನ್ನೊಂದು ಹಾಕಿಬಿಟ್ಟರು. ಕೊನೆಗೆ 6–1.

ಸುತ್ತು ಮುಗಿದಾಗ ಎರಡೂ ತಂಡದವರು ಸಾಲಾಗಿ ಬಂದು ಒಬ್ಬೊಬ್ಬರ ಕೈ ಕುಲುಕುವ ಪದ್ಧತಿ ಇದೆ. ಅಜ್ಜ ಆಗ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಆವತ್ತೂ ನಿಂತರು. ಮಂಡಿ ನೋವು, ಒಂದು ಕೈ ಗೋಡೆಯ ಮೇಲೆ. ಕೊನೆಯ ಆಟಗಾರ ಕೊನೆಯ ಕೈ ಹಿಡಿದು ಬಿಡುವವರೆಗೂ ರಿಮೋಟ್ ಮುಟ್ಟಲಿಲ್ಲ. ಆಮೇಲೆ ಟಿವಿ ಆರಿಸಿ, ಸ್ವಲ್ಪ ಹೊತ್ತು ಸುಮ್ನೆ ಕೂತು, 'ಸರಿ, ಇನ್ನು ಸಂಜೆ ಹೊತ್ತು ಬೇರೆ ಏನಾದರೂ ನೋಡಬಹುದು. ಒಳ್ಳೆ ಸಿನಿಮಾ ಯಾವುದಿದೆ?' ಅಂತ ಕೇಳಿದರು.

ಮಾತು ಶುರುವಾಗಿದ್ದು ಹಾಗೆ. ಮರುದಿನ ವಿಕ್ಟೋರಿಯಾ ಡೇ ರಜೆ, ಬೆಳಗ್ಗೆ ಬೇಗ ಏಳುವ ಅವಸರ ಯಾರಿಗೂ ಇರಲಿಲ್ಲ. ಹೊರಗೆ ಯಾರೋ ಹಬ್ಬದ ಪಟಾಕಿ ಹೊಡೆಯುತ್ತಿದ್ದರು.

ನಮ್ಮ ಬೀದಿಯಲ್ಲೇ ಇರುವ ಜಾಫ್ನಾ ಕಡೆಯವರೊಬ್ಬರು ಬಸ್ ಓಡಿಸುತ್ತಾರೆ. ಪ್ಲೇಆಫ್ ಮುಗಿಯುವವರೆಗೆ ಆಟಗಾರರು ಗಡ್ಡ ಬೋಳಿಸುವುದಿಲ್ಲ, ಇವರೂ ಒಂದು ತಿಂಗಳಿಂದ ಬೋಳಿಸಿರಲಿಲ್ಲ. ಆ ಗಡ್ಡ ಕೆರೆಯುತ್ತಾ ಅವರು ಹೇಳಿದರು: ಕೆನಡಾಕ್ಕೆ ಬಂದ ಮೊದಲ ಜನವರಿಯಲ್ಲಿ ಅವರ ಬಳಿ ಇದ್ದದ್ದು ತೆಳ್ಳನೆ ಜಾಕೆಟ್. ಬಸ್ಸಿಗೆ ಕಾಯುತ್ತಾ ಚಳಿ ತಡೆಯಲಾರದೆ ಎದುರಿಗಿದ್ದ ಥಿಯೇಟರಿಗೆ ನುಗ್ಗಿ ಟಿಕೆಟ್ ತಗೊಂಡರು. ಒಳಗಿನ ಬಿಸಿಗೆ ನಿದ್ದೆ ಬಂದುಬಿಟ್ಟಿತು. ಎಚ್ಚರವಾದಾಗ ಕಸ ಗುಡಿಸುವ ಹುಡುಗ ಪಕ್ಕದಲ್ಲಿ ನಿಂತಿದ್ದ. ಬೈಯಲಿಲ್ಲ, ಎಬ್ಬಿಸಲೂ ಇಲ್ಲ, ಇವರ ಕಾಲಿನ ಸುತ್ತ ಗುಡಿಸಿ ಕಾಯುತ್ತಿದ್ದ. 'ಯಾವ ಸಿನಿಮಾ ಅಂತ ಇವತ್ತಿಗೂ ಗೊತ್ತಿಲ್ಲ. ನಾನು ನೋಡಿದ ಸಿನಿಮಾಗಳಲ್ಲಿ ಅದೇ ಒಳ್ಳೆಯದು' ಅಂದರು.

ಫಿಲಿಪ್ಪೀನ್ಸಿನ ನರ್ಸ್ ಅಕ್ಕ ಮಾತು ಕಡಿಮೆ. ಆವತ್ತು ಅವರೂ ಬಾಯಿಬಿಟ್ಟರು. ವಯಸ್ಸಾದವರ ವಾರ್ಡಿನಲ್ಲಿ ರಾತ್ರಿ ಪಾಳಿ ಅವರದು. ನಿದ್ದೆ ಬಾರದ ರೋಗಿಗಳ ಪಕ್ಕ ಕೂತು ಸಿನಿಮಾ ಹಾಕುತ್ತಾರೆ. ಅರ್ಧಕ್ಕೆ ಬರುವಷ್ಟರಲ್ಲಿ ರೋಗಿಗೆ ನಿದ್ದೆ ಹತ್ತುತ್ತದೆ, ಇವರು ಆರಿಸಿ ಎದ್ದು ಹೋಗುತ್ತಾರೆ. ಎಷ್ಟೋ ಸಿನಿಮಾಗಳ ಮೊದಲರ್ಧ ಅವರಿಗೆ ಬಾಯಿಪಾಠ. ಉಳಿದರ್ಧ ಮನೆಯಲ್ಲಿ ನೋಡಬಹುದಲ್ಲ ಅಂತ ನನ್ನ ಗಂಡ ಕೇಳಿದರು. 'ನೋಡಲ್ಲ. ಅವರ ಜೊತೆ ನೋಡಿದ್ದು ಅಷ್ಟೇ ಸಾಕು' ಅಂದರು.

ಆಮೇಲೆ ಅಜ್ಜ. ಅವರು ಥಿಯೇಟರಿಗೆ ಹೋಗಿ ನಾಲ್ಕು ವರ್ಷವಾಗಿದೆ, ಹೆಂಡತಿ ತೀರಿಕೊಂಡ ಮೇಲೆ ಹೋಗಿಲ್ಲ. ಸಿನಿಮಾ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳು ಬರುತ್ತವಲ್ಲ, ಅವರ ಹೆಂಡತಿಗೆ ಕೊನೆಯ ಹೆಸರಿನವರೆಗೂ ಕೂರಬೇಕಿತ್ತಂತೆ. ದೀಪ ಹಿಡಿದವರು, ಬಟ್ಟೆ ಹೊಲಿದವರು, ಊಟ ಕೊಟ್ಟವರು, ಎಲ್ಲ. ಅಜ್ಜನಿಗೆ ಪಾರ್ಕಿಂಗಿನಿಂದ ಕಾರು ಬೇಗ ತೆಗೆಯುವ ಆತುರ. ನಲವತ್ತು ವರ್ಷ ಇದಕ್ಕೇ ಜಗಳ. 'ಈಗ ಹೋದರೆ ಎದ್ದು ಬರಬೇಕೋ, ಕೂರಬೇಕೋ ಗೊತ್ತಾಗಲ್ಲ' ಅಂದರು.

ಯಾರೂ ಏನೂ ಹೇಳಲಿಲ್ಲ. ನನ್ನ ಮಗ ಆ ಪ್ರಶ್ನೆ ಕೇಳಿದ್ದು ಆಗಲೇ.

ನನಗೆ ಆ ರಾತ್ರಿ ನೆನಪಾಗಿದ್ದು ಕೊಡಗಿನ ಒಂದು ಸಂಜೆ. ನಾನು ಆಗ ಹೈಸ್ಕೂಲು.

ನಮ್ಮ ಕಡೆಯ ಕೊಡವ ಕುಟುಂಬಗಳ ಹಾಕಿ ಹಬ್ಬ ಎಲ್ಲರಿಗೂ ಗೊತ್ತಿರುತ್ತದೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದರು. ಮೊದಲ ವರ್ಷ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆಯೂ ಆಯಿತು. ಒಂದೊಂದು ಒಕ್ಕದ್ದು, ಅಂದರೆ ಮನೆತನದ್ದು, ಒಂದೊಂದು ತಂಡ. ಅದರಲ್ಲಿ ಅಜ್ಜನೂ ಇರಬಹುದು, ಮೊಮ್ಮಗಳೂ ಇರಬಹುದು. ಕೆನಡಾದಲ್ಲಿ ಹುಲ್ಲಿನ ಮೇಲಿನ ಹಾಕಿಯನ್ನು ಶಾಲೆಗಳಲ್ಲಿ ಆಡುವುದು ಹೆಚ್ಚಾಗಿ ಹುಡುಗಿಯರು. ನಮ್ಮಲ್ಲಿ ಅಪ್ಪ ಮಗಳು ಒಂದೇ ತಂಡದಲ್ಲಿ ಆಡುತ್ತಾರೆ ಅಂದರೆ ಬಸ್ ಓಡಿಸುವವರು ನಂಬಲೇ ಇಲ್ಲ. ಫೋನಿನಲ್ಲಿ ಫೋಟೊ ತೋರಿಸಿದೆ. ಅಜ್ಜ ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. ನನಗೆ ಆ ಕ್ಷಣ ಎಷ್ಟು ಹೆಮ್ಮೆಯಾಯಿತು ಅಂತ ಇಲ್ಲಿ ಬರೆದು ತಿಳಿಸುವುದು ಕಷ್ಟ.

ನಮ್ಮ ಒಕ್ಕ ಆ ವರ್ಷ ಮೊದಲ ಮ್ಯಾಚಿನಲ್ಲೇ ಸೋತಿತು. ಒಂದು ಸೋಲು ಸಾಕು, ಅಲ್ಲಿಗೆ ಮುಗಿಯಿತು. ಶಾಮಿಯಾನದ ಕೆಳಗೆ ಬಂದು ಕೂತೆವು. ಅವ್ವ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಅಪ್ಪ ಮತ್ತು ದೊಡ್ಡಪ್ಪನ ನಡುವೆ ಒಂದೇ ಒಂದು ಖಾಲಿ ಕುರ್ಚಿ.

ಅವರಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾಫಿ ತೋಟದ ಬೇಲಿ ವಿಷಯ. ಮದುವೆ ಮನೆಯಲ್ಲಿ ಎದುರಾದರೆ ಒಬ್ಬರು ಅಡುಗೆ ಮನೆ ಕಡೆ ಹೋಗುತ್ತಿದ್ದರು. ಆದರೆ ಒಕ್ಕದ ತಂಡಕ್ಕೆ ಆಡಲು ಇಬ್ಬರೂ ಬಂದಿದ್ದರು. ಒಬ್ಬರು ಬ್ಯಾಕ್, ಒಬ್ಬರು ಗೋಲ್‌ಕೀಪರ್. ಆಡುವಾಗ 'ಬಿಡು', 'ಹೊಡಿ' ಇಷ್ಟೇ ಮಾತು.

ದೊಡ್ಡಪ್ಪ ಕಾಲಿನ ಪ್ಯಾಡ್ ಬಿಚ್ಚುತ್ತಾ ಇದ್ದಕ್ಕಿದ್ದಂತೆ ಕೇಳಿದರು: 'ಆ ಸಿನಿಮಾದಲ್ಲಿ ಕೊನೆಗೆ ತಾಯಿ ಮಗನಿಗೆ ಏನಂದಳು?'

ಯಾವ ಸಿನಿಮಾ ಅಂತ ಅಪ್ಪ ಕೇಳಲೇ ಇಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಶಾಲೆ ತಪ್ಪಿಸಿ ವಿರಾಜಪೇಟೆಗೆ ನಡೆದುಕೊಂಡು ಹೋಗಿ ನೋಡಿದ ರಾಜ್‌ಕುಮಾರ್ ಸಿನಿಮಾ. ಮಳೆಗಾಲ. ಥಿಯೇಟರಿಗೆ ತಗಡಿನ ಚಾವಣಿ. ನಮ್ಮ ಕಡೆ ಮಳೆ ಅಂದರೆ ಗೊತ್ತಲ್ಲ, ತಗಡಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಸಿನಿಮಾದ ಕೊನೆಯಲ್ಲಿ ತಾಯಿ ಮಗನ ಮುಖ ಹಿಡಿದು ಏನೋ ಹೇಳುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಮಳೆ ಜೋರಾಯಿತು. ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೇ.

'ಹೋಗಿ ಬಾ ಅಂದಳು' ಅಂದರು ಅಪ್ಪ.

'ಅಲ್ಲ. ಹೋಗಬೇಡ ಅಂದಳು.'

'ಹೋಗಬೇಡ ಅಂದರೆ ಅವನು ಯಾಕೆ ಹೋಗುತ್ತಿದ್ದ?'

'ಅಂದರೂ ಹೋಗುವವನೇ ಮಗ.'

ಇದೇ ವಾದ ಬಿಸಿಲು ಇಳಿಯುವವರೆಗೂ ನಡೆಯಿತು. ಮೈದಾನದಲ್ಲಿ ಬೇರೆ ಒಕ್ಕಗಳು ಆಡುತ್ತಿದ್ದವು, ಮೈಕಿನಲ್ಲಿ ಕೊಡವ ತಕ್ಕಿನಲ್ಲಿ ಕಾಮೆಂಟರಿ ಬರುತ್ತಲೇ ಇತ್ತು. ಇವರಿಬ್ಬರು ಆ ಕಡೆ ತಿರುಗಲಿಲ್ಲ. ನಡುವಿನ ಖಾಲಿ ಕುರ್ಚಿಯ ಮೇಲೆ ಕಾಫಿ ಲೋಟ ಇಟ್ಟುಕೊಂಡಿದ್ದರು. ಬೇಲಿಯ ಮಾತು ಒಮ್ಮೆಯೂ ಬರಲಿಲ್ಲ. ಆ ಬೇಲಿ ಇವತ್ತಿಗೂ ಅಲ್ಲೇ ಇದೆ, ಯಾರೂ ಸರಿಸಿಲ್ಲ. ಆದರೆ ಆವತ್ತಿನ ನಂತರ ಅವರ ಮಾತು ನಿಲ್ಲಲಿಲ್ಲ. ಅಪ್ಪ ತೀರಿಕೊಂಡಾಗ ಮೊದಲು ಬಂದು ಅಂಗಳದಲ್ಲಿ ನಿಂತವರು ದೊಡ್ಡಪ್ಪ.

ಗೆದ್ದಿದ್ದರೆ ಆ ಮಾತು ಆಗುತ್ತಿತ್ತಾ? ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಗೆದ್ದವರು ಮುಂದಿನ ಮ್ಯಾಚಿನ ಲೆಕ್ಕಕ್ಕೆ ಕೂರಬೇಕು. ಯಾರು ಫಾರ್ವರ್ಡ್, ಯಾರನ್ನು ಬಿಡಬೇಕು, ಅದೇ ಗಲಾಟೆ. ಸೋತವರಿಗೆ ಮಾಡಲು ಏನೂ ಇಲ್ಲ, ಕಾಫಿ ಮಾತ್ರ ಇದೆ. ಕುಟುಂಬಗಳು ಒಂದು ಕಡೆ ಸೇರಲಿ ಅಂತಲೇ ಈ ಹಬ್ಬ ಹುಟ್ಟಿದ್ದು. ಮೈದಾನದಲ್ಲಿ ಓಡುವಾಗ ಸೇರುವುದಕ್ಕಿಂತ ಶಾಮಿಯಾನದ ಕೆಳಗೆ ಸೇರುವುದು ಜಾಸ್ತಿ.

ಈಗ ಹೇಗಿದೆ ಅಂತ ಮೊನ್ನೆ ತಂಗಿಯನ್ನು, ಅಂದರೆ ದೊಡ್ಡಪ್ಪನ ಮಗಳನ್ನು ಕೇಳಿದೆ. 'ಈಗ ಯಾರು ಕೂರ್ತಾರೆ ಅಕ್ಕ? ಸೋತ ಕೂಡಲೇ ಕಾರು ಹತ್ತಿ ಬೆಂಗಳೂರಿಗೆ ಹೊರಟುಬಿಡ್ತಾರೆ. ರಾತ್ರಿ ಟ್ರಾಫಿಕ್ ಶುರುವಾಗೋದ್ರೊಳಗೆ ತಲುಪಬೇಕಲ್ಲ' ಅಂದಳು. ಕೇಳಿ ಬೇಜಾರಾಯಿತು. ಊರಲ್ಲಿ ಹಬ್ಬ ದೊಡ್ಡದಾಗಿದೆ, ತಂಡಗಳು ಹೆಚ್ಚಿವೆ, ಅದೆಲ್ಲ ಖುಷಿಯೇ. ಆದರೆ ಆಟ ಮುಗಿದ ಮೇಲಿನ ಆ ಎರಡು ಗಂಟೆ ಕಳೆದುಕೊಂಡರೆ ಉಳಿಯುವುದು ಬರೀ ಫಲಿತಾಂಶದ ಪಟ್ಟಿ. ತಂಗಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಮಡಿಕೇರಿಯಿಂದ ಬೆಂಗಳೂರಿಗೆ ಹೊರಟವರು. ನಾನು ಅದಕ್ಕಿಂತ ಎಷ್ಟೋ ದೂರ ಬಂದು ಕೂತವಳು, ಹಬ್ಬಕ್ಕೆ ಹೋಗಿ ಹನ್ನೊಂದು ವರ್ಷವಾಯಿತು.

ಮಂಗಳವಾರ ಇಲ್ಲಿ ಸಿನಿಮಾ ಟಿಕೆಟ್ ಕಡಿಮೆ ಬೆಲೆಗೆ ಸಿಗುತ್ತದೆ. ನಾವೇ ಅಜ್ಜನನ್ನು ಕರೆದೆವು. ನರ್ಸ್ ಅಕ್ಕನಿಗೆ ರಾತ್ರಿ ಪಾಳಿ, ಅವರು ಬರಲಿಲ್ಲ. ಬಸ್ ಓಡಿಸುವವರು ಗಡ್ಡ ಬೋಳಿಸಿಕೊಂಡು ಬಂದಿದ್ದರು, ನನ್ನ ಮಗನಿಗೆ ಗುರುತೇ ಹತ್ತಲಿಲ್ಲ. ಸಿನಿಮಾ ಸಾಧಾರಣವಾಗಿತ್ತು. ಮುಗಿಯುತ್ತಲೇ ಜನ ಏಳತೊಡಗಿದರು. ಅಜ್ಜ ಏಳಲಿಲ್ಲ. ನಾವೂ ಏಳಲಿಲ್ಲ. ಹೆಸರುಗಳು ಮೇಲೆ ಹೋಗುತ್ತಲೇ ಇದ್ದವು, ನೂರಾರು ಹೆಸರು. ಮಗ ಬಾಯಲ್ಲೇ ಓದಿಕೊಳ್ಳುತ್ತಿದ್ದ. ಪರದೆ ಕಪ್ಪಾಗಿ ದೀಪ ಹತ್ತಿದ ಮೇಲೆ ಅಜ್ಜ ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಎದ್ದರು.

ಮುಂದಿನ ಭಾನುವಾರ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಈಗ ಎಂಬತ್ತು ದಾಟಿದೆ. ಈ ವರ್ಷ ಮಳೆ ಬೇಗ ಬಂದಿದೆ, ಮೇ ತಿಂಗಳಲ್ಲೇ ಸುರಿಯುತ್ತಿದೆ ಅಂದರು. ಹಿಂದೆ ತಗಡಿನ ಸದ್ದು ನನಗೂ ಕೇಳುತ್ತಿತ್ತು.

'ನಿಮ್ಮ ತಂಡ ಏನಾಯ್ತು?'

'ಸೋತೆವು ದೊಡ್ಡಪ್ಪ. 6–1.'

'ಆಮೇಲೆ?'

'ಆಮೇಲೆ ಮಾತಾಡ್ತಾ ಕೂತೆವು.'

'ಸಿನಿಮಾ ವಿಷಯವಾ?'

ಹೌದು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮೊನ್ನೆ ಮೊಮ್ಮಗ ಫೋನಿನಲ್ಲಿ ಆ ಹಳೇ ಸಿನಿಮಾ ಹುಡುಕಿ ಕೊಟ್ಟ, ಕೊನೆಯವರೆಗೂ ನೋಡಿದೆ, ತಾಯಿ ಏನಂದಳು ಅಂತ ಕೇಳಿಸಿತು ಅಂದರು. ನಿನ್ನ ಅಪ್ಪ ಇರಬೇಕಿತ್ತು ಅಂದರು.

'ಏನಂದಳು ದೊಡ್ಡಪ್ಪ?'

ಅವರು ಹೇಳಿದರು. ಅಷ್ಟರಲ್ಲಿ ಅಲ್ಲಿ ಮಳೆ ಜೋರಾಯಿತು. ಇನ್ನೊಮ್ಮೆ ಹೇಳಿ ಅಂದೆ. ಇನ್ನೊಮ್ಮೆ ಹೇಳಿದರು. ತಗಡಿನ ಸದ್ದು ಬಿಟ್ಟು ನನಗೆ ಏನೂ ಕೇಳಲಿಲ್ಲ. ಫೋನ್ ಕಿವಿಗೆ ಒತ್ತಿ ಹಿಡಿದು, ಮಳೆ ಸ್ವಲ್ಪ ಇಳಿಯಲಿ ಅಂತ ಹಾಗೇ ಕೂತೆ. ಆ ಕಡೆ ಅವರೂ ಇಡಲಿಲ್ಲ.